ಸೂರಣಕ್ಕೆ ಫುಲ್

ಕೆಲವರಿಗೆ ಹುಟ್ಟಿನಿಂದಲೇ ಮೂಗಿನ ತುದಿಯಲ್ಲಿ ಸಿಟ್ಟಿರುತ್ತದೆ, ಕೆಲವರಿಗೆ ಅಂಗೈಯಲ್ಲಿ ಧನರೇಖೆ ಇರುತ್ತದೆ. ನನಗೆ ಬಂದದ್ದು ಬೇರೆಯವರ ಗಂಟಲು. ಯಾರದೇ ದನಿಯನ್ನು ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಬಾಯಿಂದ ಹೊರಡುತ್ತದೆ. ಕುಕ್ಕರಿನ ಸೀಟಿ ಹಾಕಿ ಅವ್ವನನ್ನು ಪೂಜೆಯ ನಡುವಿನಿಂದ ಅಡುಗೆಮನೆಗೆ ಓಡಿಸಿದ್ದೇನೆ. ಒಮ್ಮೆ ಸೋಲಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಕಂಡಕ್ಟರ್ ಮೂಗಿನಿಂದ ಕರೆಯುವ ಹಾಗೆ ‘ಅಕ್ಕಲಕೋಟ ಅಕ್ಕಲಕೋಟ ಅಕ್ಕಲಕೋಟ’ ಎಂದದ್ದಕ್ಕೆ ಇಬ್ಬರು ಹಿರಿಯರು ಡ್ರೈವರೇ ಇಲ್ಲದ ಬಸ್ಸು ಹತ್ತಿ ಕಿಟಕಿಯ ಪಕ್ಕದ ಸೀಟು ಹಿಡಿದಿದ್ದರು. ಇದನ್ನು ಕಲೆ ಎನ್ನಬೇಕೋ ಕಾಯಿಲೆ ಎನ್ನಬೇಕೋ ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಪೂರ್ತಿ ಒಮ್ಮತವಿದೆ. ಕಲೆ ಎನ್ನುವವನು ನಾನೊಬ್ಬನೇ. ನನ್ನ ಸ್ವಂತ ದನಿ ಹೇಗಿದೆ ಎಂದು ಯಾರಾದರೂ ಕೇಳಿದರೆ ಮಾತ್ರ ಕೊಂಚ ಯೋಚಿಸಬೇಕಾಗುತ್ತದೆ. ಅದರ ಅಗತ್ಯ ಬಿದ್ದದ್ದು ಕಡಿಮೆ; ದಿನದ ಮಾತನ್ನೂ ಯಾರದಾದರೊಂದು ದನಿ ಎರವಲು ಪಡೆದೇ ಆಡುತ್ತೇನೆ.

ನಮ್ಮದು ಚಾದರ, ಟವೆಲ್ಲುಗಳ ಅಂಗಡಿ. ಗಿರಾಕಿಗಳಲ್ಲಿ ಒಬ್ಬ ದೊಡ್ಡ ಮನೆತನದ ಹೆಂಗಸಿದ್ದಾರೆ, ನಾವೆಲ್ಲ ‘ಬಾಯಿಯವರು’ ಎನ್ನುತ್ತೇವೆ. ಬಂದರೆ ಅಂಗಡಿಯ ಅರ್ಧ ಚಾದರಗಳನ್ನು ಬಿಚ್ಚಿಸಿ, ಪ್ರತಿಯೊಂದರ ಅಂಚನ್ನು ರೊಟ್ಟಿ ಮುಟ್ಟಿದಂತೆ ಮುಟ್ಟಿ, ಕೊನೆಗೆ ‘ಇದರಾಗ ಮನಸ್ಸಿಗೆ ಬರೂ ಬಣ್ಣ ಇಲ್ಲ ನೋಡ್ರಿ’ ಎಂದು ಎದ್ದು ಹೋಗುವವರು. ಅವರು ಮೆಟ್ಟಿಲಿಳಿದ ಮೇಲೆ ನಾನು ಅದೇ ಮಾತನ್ನು ಅದೇ ದನಿಯಲ್ಲಿ, ಅದೇ ಬೆರಳಾಟದೊಂದಿಗೆ ಅಂಗಡಿಯವರಿಗೆಲ್ಲ ಮಾಡಿ ತೋರಿಸುತ್ತಿದ್ದೆ. ಒಂದು ದಿನ ಎಂದಿನಂತೆ ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ತಿರುಗಿ ನೋಡಿದರೆ ಬಾಯಿಯವರು ಮರೆತ ಛತ್ರಿ ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದರು. ಅಪ್ಪ ಬಯ್ಯಲಿಲ್ಲ. ಸಮಾಧಾನವಾಗಿ ತೀರ್ಪು ಕೊಟ್ಟರು. “ನಾಳಿಯಿಂದ ಮುಂಜಾನಿ ಬಾಗಕ್ಕ ಹೋಗಿ ಗಿಡಕ್ಕ ನೀರ ಹಾಕು. ಅವುಗಳ ಮುಂದ ಎಷ್ಟರ ನಕಲಿ ಮಾಡ್ಕೋ. ಅವು ಛತ್ರಿ ಮರಿಯೂದಿಲ್ಲ.”

ಬಾಗ ಎಂದರೆ ವಿಜಾಪುರ ರಸ್ತೆಯಿಂದ ಒಳಗೆ ಹೋದರೆ ಸಿಗುವ ಸಸ್ಯೋದ್ಯಾನ. ಫಲಕದ ಮೇಲೆ ದೊಡ್ಡ ಹೆಸರಿದೆ, ಆದರೆ ಅದನ್ನು ಉಳಿಸಿಕೊಂಡು ಬಂದಿರುವವರು ಬೆಳಗಿನ ಹೊತ್ತು ಬಂದು ಕೈಲಾದಷ್ಟು ದುಡಿದು ಹೋಗುವ ಊರ ಮಂದಿ. ಸಂಬಳವಿಲ್ಲ, ಬೈಗುಳ ಮಾತ್ರ ತಪ್ಪದೆ ಸಿಗುತ್ತದೆ. ಬೈಗುಳ ಕೊಡುವವರು ಸಿದ್ರಾಮಪ್ಪ ಮಾಸ್ತರು. ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವರು, ಈಗ ನಿವೃತ್ತರು. ಅಂದರೆ ಮಕ್ಕಳು ಬದುಕಿಕೊಂಡವು, ಗಿಡಗಳು ಸಿಕ್ಕಿಕೊಂಡವು.

ಸೋಲಾಪುರದ ಬೇಸಿಗೆ ಎಂದರೆ ಹೊರಗಿನವರು ಬರೀ ಬಿಸಿಲು ಎಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ದಿನ ಗೇಟು ದಾಟಿದಾಗ ಮಾತ್ರ ಬಾಯಿ ತೆರೆದದ್ದು ನಕಲಿಗಾಗಿ ಅಲ್ಲ. ಕಕ್ಕೆಯ ಮರದಲ್ಲಿ ಒಂದು ಎಲೆಯೂ ಕಾಣದಂತೆ ಹಳದಿ ಗೊಂಚಲು ಇಳಿಬಿದ್ದಿದ್ದವು, ಮದುವೆ ಚಪ್ಪರದಲ್ಲಿ ಮಾಲೆ ಕಟ್ಟುವವನು ಕೈ ಬಿಟ್ಟು ಸುರುವಿದ ಹಾಗೆ. ಅದರಾಚೆ ಗುಲ್‌ಮೊಹರ್ ಉರಿಯುತ್ತಿತ್ತು. ಪತ್ರಿ, ಅಂದರೆ ಬಿಲ್ವದ ಗಿಡ, ಹಳೆ ಎಲೆ ಉದುರಿಸಿ, ಎಣ್ಣೆ ಹಚ್ಚಿದಂಥ ಎಳೆ ಎಲೆ ಹೊತ್ತು ನಿಂತಿತ್ತು. ಊರೆಲ್ಲ ಕೂಲರಿನ ಮುಂದೆ ಕಣ್ಣು ಮುಚ್ಚಿ ಕೂತಿರುವ ಹೊತ್ತಿನಲ್ಲಿ ಇವು ಇಲ್ಲಿ ಜಾತ್ರೆ ಮಾಡುತ್ತಿವೆ, ಯಾರಿಗೂ ಹೇಳಿಲ್ಲ. ಒಂದು ಮೂಲೆಯಲ್ಲಿ ಹತ್ತಿರದ ಬೋರಾಮಣಿಯ ಹುಲ್ಲುಗಾವಲಿನಿಂದ ತಂದು ಬೆಳೆಸಿದ ಹುಲ್ಲಿನ ಪಟ್ಟಿ ಇದೆ. ಒಣಗಿ ಹಳದಿಯಾಗಿತ್ತು. ಕಸವೆಂದು ಕಿತ್ತೆ. ಎರಡೇ ಹಿಡಿ ಕಿತ್ತಿದ್ದೆ, ಅಷ್ಟರಲ್ಲಿ ಮಾಸ್ತರರ ದನಿ ಬಂತು. “ಅದಕ್ಕ ಬ್ಯಾಸಿಗಿ ರಜಾ ಅದ. ನಿನಗಿಲ್ಲ.”

ಬಾಗದ ಕೆಲಸದ ರೀತಿಯನ್ನು ನಾನು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಅಪರಾಧ ನಿಮಗೆ ತಿಳಿಯುವುದಿಲ್ಲ. ಪ್ರತಿಯೊಬ್ಬರಿಗೂ ಗಿಡಗಳ ಒಂದು ಸಾಲು. ಬಾಗದೊಳಗೆ ಬಂದ ಮೇಲೆ ಅವರ ಹೆಸರೂ ಅದೇ. ಪೇಟೆಯಲ್ಲಿ ‘ಶೇಠ್, ಶೇಠ್’ ಎಂದು ನಾಲ್ಕು ಜನ ಎದ್ದು ನಿಲ್ಲುವ ದೊಡ್ಡ ವ್ಯಾಪಾರಿಯೊಬ್ಬರು ಇಲ್ಲಿ ಬರೀ ‘ಕಳ್ಳಿ’. ಮುಂಜಾನೆ ಆರಕ್ಕೆ ಮಾಸ್ತರು ಪಂಪು ಚಾಲೂ ಮಾಡಿ ಬಂದು ನೀರಿನ ಟಾಕಿಯ ಕಟ್ಟೆ ಏರಿ ಹಾಜರಿ ಕೂಗುತ್ತಾರೆ. ಗಿಡದ ಹೆಸರು, ಅದರ ಹಿಂದೆ ಆ ದಿನದ ನೀರು.

“ಕಕ್ಕಿ, ಹಾಫ್.”

“ಹಾಂರಿ.”

“ಪತ್ರಿ, ಫುಲ್.”

“ಹಾಂರಿ.”

“ಕಳ್ಳಿ, ಬಂದ್.”

“ಹಾಂರಿ” ಎನ್ನುತ್ತಾರೆ ಶೇಠ್, ಕೊಡ ಕೆಳಗಿಟ್ಟು, ಶಾಲೆಯಲ್ಲಿ ಹೋಂವರ್ಕ್ ಇಲ್ಲ ಎಂದಾಗ ಆಗುವಷ್ಟೇ ಸಂತೋಷದಿಂದ.

ಹಾಜರಿಯ ಮೇಲೆ ಪ್ರಶ್ನೆ ಇಲ್ಲ. ಅದು ಬಾಗದ ಕಾನೂನು. ಬೇಸಿಗೆಯಲ್ಲಿ ಟಾಕಿಯ ನೀರು ಅಷ್ಟಕ್ಕಷ್ಟೇ. ಎಲ್ಲರೂ ತಮ್ಮ ತಮ್ಮ ಗಿಡದ ಪರವಾಗಿ ವಕೀಲಿ ಮಾಡತೊಡಗಿದರೆ ಮಾತು ಮುಗಿಯುವಷ್ಟರಲ್ಲಿ ಗಿಡ ಮುಗಿದಿರುತ್ತದೆ. ಹೊಸಬರಿಗೆ ಮಾತ್ರ ಸಾಲು ಕೊಡುವುದಿಲ್ಲ. ಒಂದು ಬೇಸಿಗೆ ಪೂರಾ ಮುಗಿಸಬೇಕು. ಅಲ್ಲಿಯವರೆಗೆ ಪೈಪು ಹಿಡಿಯುವುದು, ಕಬ್ಬಿನ ರವದಿ, ಅಂದರೆ ಒಣ ಸೋಗೆ, ತಂದು ಬುಡಕ್ಕೆ ಮುಚ್ಚುವುದು, ಗುಬ್ಬಿಗಳ ನೀರಿನ ಬಟ್ಟಲು ತೊಳೆಯುವುದು. ಹಾಗಾಗಿ ನನ್ನ ಹೆಸರು ‘ಪೈಪ್’. ಹಾಜರಿಯಲ್ಲಿ ಪೈಪನ್ನು ಕೂಗುವುದಿಲ್ಲ, ಪೈಪು ಉತ್ತರ ಕೊಡುವುದೂ ಇಲ್ಲ. ನಾನು ಹೋದ ಮೂರನೆಯ ದಿನಕ್ಕೇ ಇಡೀ ಹಾಜರಿ ನನಗೆ ಬಾಯಿಪಾಠವಾಗಿತ್ತು. ಬರೀ ಮಾತಲ್ಲ, ದನಿ. ಮಾಸ್ತರು ಪ್ರತಿ ಹೆಸರನ್ನೂ ಉದ್ದಕ್ಕೆ ಎಳೆದು ಕೊನೆಯಲ್ಲಿ ಕತ್ತರಿಸುತ್ತಾರೆ. ಕಟ್ಟಿಸಿಕೊಂಡ ಹಲ್ಲಿನ ಸಂದಿಯಿಂದ ‘ಸ’ಕಾರಕ್ಕೊಂದು ಸಣ್ಣ ಸೀಟಿ ಬರುತ್ತದೆ. ಆ ಸೀಟಿ ಸಾಧಿಸಲು ನಾನು ಎರಡು ದಿನ ಸ್ನಾನದ ಮನೆಯಲ್ಲಿ ತಾಲೀಮು ಮಾಡಿದ್ದೇನೆ.

ಆ ಸೀಟಿ ಬೇಕಾಗುತ್ತಿದ್ದುದು ಹಾಜರಿಯ ಕೊನೆಯ ಹೆಸರಿಗೆ. “ಸೂರಣ, ಬಂದ್.” ಸೂರಣ ಎಂದರೆ ನೀವೆಲ್ಲ ಸುವರ್ಣಗಡ್ಡೆ ಎಂದು ಪಲ್ಯ ಮಾಡಿ ತಿನ್ನುವುದು. ಅದನ್ನು ನೋಡಿಕೊಳ್ಳುವವರು ಶಿವಲಿಂಗವ್ವ; ಹಾಜರಿಯಲ್ಲಿ ಸೂರಣ, ಉಳಿದಂತೆ ಚಿಕ್ಕಮ್ಮ ಎನ್ನುವ ಹಾಗೆ ‘ಕಾಕು’. ವಾಗದರಿ ಅವರ ತವರು. ಅಲ್ಲಿ ಅವರ ತಾಯಿ ಬಾವಿಯ ಪಕ್ಕ ನೆಟ್ಟಿದ್ದ ಸೂರಣದ ಒಂದು ಗಡ್ಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಇಲ್ಲಿ ದೊಡ್ಡ ಕುಂಡದಲ್ಲಿ ಹಾಕಿದ್ದರು. ಬಾವಿಯೂ ಈಗಿಲ್ಲ, ತಾಯಿಯೂ ಇಲ್ಲ. ಪ್ರತಿ ಮಳೆಗಾಲ ಛತ್ರಿಯಂಥ ಒಂದು ಎಲೆ ಬರುತ್ತದೆ, ಚಳಿಗೆ ಒಣಗಿ ಹೋಗುತ್ತದೆ, ಆಮೇಲೆ ಬೇಸಿಗೆಯಿಡೀ ಕುಂಡದಲ್ಲಿ ಮಣ್ಣು ಬಿಟ್ಟರೆ ಏನೂ ಇಲ್ಲ.

“ಇದರಾಗ ಏನೂ ಇಲ್ಲಲ್ಲ ಕಾಕು” ಎಂದೆ ಒಮ್ಮೆ.

“ಅದ. ಮಲಗ್ಯದ.”

“ಎಬ್ಬಸೂದಿಲ್ಲೇನು?”

“ನಿನ್ನ ಹಂಗ ಅಲ್ಲ ಅದು, ತಾನಽ ಏಳತದ. ಈಗ ನೀರ ಬಿತ್ತಂದ್ರ ಗಡ್ಡಿ ಕೊಳತ ಹೋಗತದ. ನಮ್ಮವ್ವ ಹೇಳತಿದ್ಲು, ಗಡ್ಡಿ ಬಲತ ಮ್ಯಾಲ ಒಂದ ವರ್ಷ ಮಳಿಗಿಂತ ಮೊದಲ ಹೂ ಬಿಡತದಂತ. ನಾ ಒಮ್ಮೀನೂ ನೋಡಿಲ್ಲ. ಈ ವರ್ಷ ಬರಬೇಕು.”

ಒಂದು ಖಾಲಿ ಕುಂಡದ ಮುಂದೆ ದಿನಾ ಬಂದು ಕೂತು, ಅದಕ್ಕೆ ಏನೂ ಮಾಡದೆ ಎದ್ದು ಹೋಗುವ ಸೇವೆಯನ್ನು ನಾನು ಅಂದೇ ಮೊದಲು ನೋಡಿದ್ದು. ಮರುದಿನವೇ ಅದರ ನಕಲಿಯನ್ನೂ ಮಾಡಿದೆ. ಶೇಠ್ ಬಿದ್ದು ಬಿದ್ದು ನಕ್ಕರು. ಕಾಕುವೂ ನಕ್ಕರು, ‘ಸೆರಗ ಬರೋಬರ ಹೊದ್ದಿಲ್ಲ ನೋಡು’ ಎಂದು ತಿದ್ದಿದರು.

ಏಪ್ರಿಲ್ ಕೊನೆಯ ಒಂದು ಮುಂಜಾನೆ ಪಂಪು ಚಾಲೂ ಆಗಲಿಲ್ಲ. ಮಾಸ್ತರು ಟಾಕಿಯ ಹಿಂದೆ ದೂರದಲ್ಲಿರುವ ಪಂಪಿನ ಕೋಣೆಯಲ್ಲಿ ಕೂತು ಅದರ ಮುಂದೆ ಬೈಗುಳ, ಪ್ರಾರ್ಥನೆ ಎರಡನ್ನೂ ಸರದಿಯಂತೆ ಮಾಡುತ್ತಿದ್ದರು. ಇತ್ತ ಎಲ್ಲರೂ ಟಾಕಿಯಲ್ಲಿ ಉಳಿದ ನಿನ್ನೆಯ ನೀರನ್ನೇ ಕೊಡಕ್ಕೆ ತುಂಬಿಕೊಂಡು ಹಾಜರಿಗೆ ಕಾಯುತ್ತಿದ್ದಾರೆ, ಬಿಸಿಲು ಏರುತ್ತಿದೆ. ನಾನು ಟಾಕಿಯ ಹಿಂದೆ ಪೈಪು ಸುತ್ತುತ್ತಿದ್ದೆ. ಅಲ್ಲಿ ನನ್ನನ್ನು ಯಾರೂ ಕಾಣುವಂತಿರಲಿಲ್ಲ, ಕೂಗಿದರೆ ದನಿ ಪಂಪಿನ ಕೋಣೆಯ ಕಡೆಯಿಂದಲೇ ಬಂದಂತಿರುತ್ತಿತ್ತು. ಅಷ್ಟು ಒಳ್ಳೆಯ ಜಾಗ, ಅಷ್ಟು ಒಳ್ಳೆಯ ಶ್ರೋತೃಗಳು, ಅಷ್ಟು ಮೌನ. ನೀವಾಗಿದ್ದರೆ ಸುಮ್ಮನಿರುತ್ತಿದ್ದಿರೋ ಏನೋ. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ.

“ಕಕ್ಕಿ, ಹಾಫ್.”

“ಹಾಂರಿ” ಎಂದರು ಆಚೆಯಿಂದ.

ನಂಬಿ, ಮೈ ಜುಮ್ಮೆಂದಿತು. ಒಂದೊಂದೇ ಹೆಸರು ಕೂಗಿದೆ, ಒಂದೊಂದು ಹಾಂರಿ ಬಂತು. ಒಂದು ಅಕ್ಷರ ತಪ್ಪಲಿಲ್ಲ, ಹಿಂದಿನ ದಿನದ ನೀರನ್ನೇ ಹೇಳಿದೆ. ಕೊನೆಗೆ ಬಂದಾಗ ತಮಾಷೆಗೆ ಒಂದು ಗುರುತು ಬೇಕಲ್ಲ, ಎಲ್ಲರಿಗೂ ಇದು ನನ್ನ ಕೈವಾಡವೆಂದು ತಿಳಿದು ನಗಬೇಕಲ್ಲ ಎನಿಸಿತು. ಭೂಮಿ ತಲೆಕೆಳಗಾದರೂ ಮಾಸ್ತರು ಹೇಳದ ಒಂದು ಮಾತನ್ನು ಆರಿಸಿ, ಸೀಟಿ ಸಮೇತ ಕೂಗಿದೆ. “ಸೂರಣ, ಫುಲ್.”

ನಗು ಬರಲಿಲ್ಲ. ಒಂದು ಗಳಿಗೆ ಬಿಟ್ಟು “ಹಾಂರಿ” ಎಂಬ ಸಣ್ಣ ದನಿ ಬಂತು. ನಾನು ಟಾಕಿಯ ಸುತ್ತ ಓಡಿ ಬರುವಷ್ಟರಲ್ಲಿ ಶಿವಲಿಂಗವ್ವ ಕಾಕು ಎರಡನೆಯ ಕೊಡವನ್ನು ಕುಂಡಕ್ಕೆ ಬಗ್ಗಿಸುತ್ತಿದ್ದರು. “ಮಾಸ್ತರ ಹೇಳ್ಯಾರಂದ್ರ ಏನರ ತಿಳದಽ ಹೇಳಿರತಾರ” ಎಂದು ಯಾರಿಗೋ ಹೇಳುತ್ತಿದ್ದರು. ಹೇಳುತ್ತಲೇ ಕೊಡದ ತಳದ ಹನಿಯನ್ನೂ ಬಸಿದರು. ನನ್ನ ಬಾಯಲ್ಲಿ ಆಗ ಸೋಲಾಪುರದ ಯಾರೊಬ್ಬರ ದನಿಯೂ ಇರಲಿಲ್ಲ, ನನ್ನದಂತೂ ಇರಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಮಾಸ್ತರು ಎಣ್ಣೆ ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದರು. ಹಸಿ ಕುಂಡ ನೋಡಿದರು.

“ಇದಕ್ಕ ನೀರ ಯಾರ ಹಾಕಿದ್ರಿ?”

“ನೀವಽ ಫುಲ್ ಅಂದ್ರೆಲ್ರಿ ಮಾಸ್ತರ” ಎಂದರು ಕಾಕು.

“ನಾನು?”

“ಹೌದ್ರಿ, ನಾವೆಲ್ಲಾ ಕೇಳೀವಿ” ಎಂದರು ಶೇಠ್. ಎಲ್ಲರೂ ತಲೆಯಾಡಿಸಿದರು. ಮಾಸ್ತರು ನನ್ನ ಕಡೆಗೂ ನೋಡಿದರು. ನಾನೂ, ದೇವರು ನನ್ನನ್ನು ಕ್ಷಮಿಸಲಿ, ತಲೆಯಾಡಿಸಿದೆ. ಅವರು ಇಷ್ಟು ವರ್ಷದಲ್ಲಿ ಮೊದಲ ಸಲ ಯಾರನ್ನೂ ಬಯ್ಯಲಿಲ್ಲ. ಒಂದು ದೊಡ್ಡ ಬುಟ್ಟಿ ತಂದು ಕುಂಡದ ಮೇಲೆ ಬೋರಲು ಹಾಕಿದರು. “ಯಾರೂ ತಗದ ನೋಡಬ್ಯಾಡ್ರಿ. ಉಳದ್ರ ಉಳೀತು.” ಕಾಕುವೂ ಹೇಳಿದರು, ಕೊಳೆತದ್ದನ್ನು ನೋಡುವ ಧೈರ್ಯ ತಮಗಿಲ್ಲವೆಂದು.

ಮರುದಿನ ಮಾಸ್ತರು ಕೈಯಲ್ಲಿ ಒಂದು ನೋಟುಬುಕ್ಕು ಹಿಡಿದು ಬಂದರು. ಹಾಜರಿಯನ್ನು ಅದರಲ್ಲಿ ನೋಡಿ ಓದಿದರು, ಓದಿದ್ದಕ್ಕೆಲ್ಲ ಪೆನ್ಸಿಲ್ಲಿನಿಂದ ಗೀಟು ಹಾಕಿದರು. ಹೆಸರು ಎಳೆಯುವುದೂ ಇಲ್ಲ, ಕತ್ತರಿಸುವುದೂ ಇಲ್ಲ, ರೇಷನ್ ಅಂಗಡಿಯಲ್ಲಿ ಪಟ್ಟಿ ಓದಿದ ಹಾಗೆ. ಗುರುವಾರ ಎಂದಿನಂತೆ ಅಕ್ಕಲಕೋಟೆಗೆ ಸ್ವಾಮಿಗಳ ದರ್ಶನಕ್ಕೆ ಹೋಗಿ ಬಂದು ಎಲ್ಲರಿಗೂ ಪ್ರಸಾದ ಹಂಚಿದರು. ನನ್ನ ಅಂಗೈಗೆ ಎರಡು ಪಾಲು ಹಾಕಿ, “ಸಣ್ಣಾವ ಇದ್ದಾಗಽ ನೆನಪಿನ ಶಕ್ತಿ ಕಾಯ್ಕೋಬೇಕಪಾ. ನನಗ ಮರವು ಹತ್ತೇದ. ಅಂದದ್ದೂ ನೆನಪಿಲ್ಲ ನೋಡು, ಒಂದ ಚೂರೂ ನೆನಪಿಲ್ಲ” ಎಂದರು. ನಾನು ಪ್ರಸಾದ ನುಂಗಿದೆ. ಅದರ ಜೊತೆಗೆ ಹೇಳಬೇಕಾದದ್ದನ್ನೂ ನುಂಗಿದೆ.

ನಾನು ಏನೂ ಮಾಡಲಿಲ್ಲ ಎಂದುಕೊಳ್ಳಬೇಡಿ. ಸತ್ಯ ಹೇಳುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ. ಒಣ ಬೂದಿ ತಂದು ಕುಂಡದ ಸುತ್ತ ಸುರಿದೆ. ಬುಡದ ತೂತಿನಲ್ಲಿ ಕಡ್ಡಿ ಆಡಿಸಿ ನೀರು ಬಸಿದೆ. ಒಂದು ದಿನ ಎಲ್ಲರೂ ಹೋದ ಮೇಲೆ ಮಟಮಟ ಬಿಸಿಲಲ್ಲಿ ಕೂತು, ಅಂಗಡಿಯಿಂದ ತಂದ ರಟ್ಟಿನಿಂದ ಬುಟ್ಟಿಯ ಸಂದಿಗೆ ಗಾಳಿ ಬೀಸುತ್ತಿದ್ದೆ. ಮರೆತ ಚಷ್ಮಾ ಹುಡುಕಿಕೊಂಡು ಶೇಠ್ ತಿರುಗಿ ಬಂದರು. ನನ್ನ ಜೀವನದಲ್ಲಿ ಎಲ್ಲರೂ ಏನಾದರೊಂದು ಮರೆತೇ ಹೋಗುತ್ತಾರೆ.

“ಏನ ನಡಸೀಯೋ ಪೈಪ್?”

“ಗಾಳಿ ಹಾಕಾಕತ್ತೀನ್ರಿ.”

“ಬುಟ್ಟಿಗೆ?”

“ಒಳಗಿನವರಿಗ್ರಿ.”

ಶೇಠ್ ಚಷ್ಮಾ ಹುಡುಕುವುದನ್ನು ಬಿಟ್ಟರು. “ಬಿಸಲಾಗ ಕುಂದರಬ್ಯಾಡ, ತಲಿಗೆ ಏರತದ” ಎಂದು ತಮ್ಮ ಟೋಪಿಯನ್ನು ನನ್ನ ತಲೆಗಿಟ್ಟು ಹೋದರು.

ಮೂರನೆಯ ವಾರ ಮಾಸ್ತರು ಕಟ್ಟೆ ಏರಲಿಲ್ಲ. ಕೆಳಗೇ ನಿಂತು ಹೇಳಿದರು. “ಬರೂ ಸೋಮವಾರದಿಂದ ಹಾಜರಿ ಕಳ್ಳಿ ಕೂಗತಾರ. ನನ್ನ ಮಗಳು ಡಾಕ್ಟರಿಗೆ ತೋರಸೂಣ ಅಂದಾಳ. ಗಿಡಾ ಸಾಯಿಸೂ ವಯಸ್ಸಾತಪಾ ನನಗ.” ಶೇಠ್ ಕೊಡ ಹಿಡಿದು ತಲೆ ತಗ್ಗಿಸಿದರು. ಇಂದು ಹೇಳಿಯೇ ಬಿಡುವುದೆಂದು ನಾನು ಮಾಸ್ತರರ ಹಿಂದೆ ಗೇಟಿನವರೆಗೆ ಹೋದೆ. “ಮಾಸ್ತರ” ಎಂದೆ. ತಿರುಗಿದರು. “ನಿಮ್ಮ ಸೈಕಲ್ಲಿಗೆ ಗಾಳಿ ಕಮ್ಮಿ ಅದ” ಎಂದೆ. ಅದು ನಿಜವೇ ಆಗಿತ್ತು. ಅಷ್ಟು ದಿನದಲ್ಲಿ ನಾನು ಹೇಳಿದ ಒಂದೇ ಸತ್ಯ ಅದು.

ಆ ಭಾನುವಾರ ಬಾಗದ ಗೇಟು ತೆರೆದವರೆಲ್ಲ ಮೂಗು ಮುಚ್ಚಿದರು. ಅಂಥ ನಾತ. ಇಲಿ ಸತ್ತಿದೆ ಎಂದು ನಿರ್ಧಾರವಾಯಿತು. ರವದಿಯ ರಾಶಿ ತಿರುವಿದೆವು, ಪಂಪಿನ ಕೋಣೆ ಗುಡಿಸಿದೆವು, ನೆರಳಿಗೆ ಕಟ್ಟಿದ ಹಸಿರು ಪರದೆ ಬಿಚ್ಚಿ ಕೊಡವಿದೆವು. ಶೇಠ್ ತಮ್ಮ ಕಳ್ಳಿಗಳ ಸಂದಿಯಲ್ಲಿ ಕೈ ಹಾಕಿ ಇಲಿಯ ಬದಲು ಮುಳ್ಳು ಹಿಡಿದುಕೊಂಡು ಬಂದರು. “ಒಂದಽ ಇಲಿ ಅಲ್ಲ, ಅದರ ಬೀಗರೂ ಸತ್ತಾರ” ಎಂದರು. ನೊಣಗಳೆಲ್ಲ ಒಂದೇ ದಿಕ್ಕಿಗೆ ಹೋಗುತ್ತಿದ್ದವು. ಅದನ್ನು ಮೊದಲು ಕಂಡವರು ಶಿವಲಿಂಗವ್ವ ಕಾಕು. ಅವರು ಹುಡುಕುವುದನ್ನು ನಿಲ್ಲಿಸಿ ಬೇವಿನ ನೆರಳಲ್ಲಿ ಕೂತುಬಿಟ್ಟರು.

“ಇಲಿ ಅಲ್ರಿ ಅದು. ನನ್ನ ಗಡ್ಡಿ. ಕೊಳತದ.”

ಎಲ್ಲರೂ ಬುಟ್ಟಿಯ ಕಡೆ ನೋಡಿದರು. ಮಾಸ್ತರರ ಮುಖ ನೋಡಲು ನನಗಾಗಲಿಲ್ಲ. ಅವರು ಮೆಲ್ಲಗೆ, “ಪೈಪ್, ತಗಿ” ಎಂದರು. ಯಾರೂ ಮುಟ್ಟಲೊಲ್ಲದ ಕೆಲಸಗಳಿಗೆಂದೇ ಪೈಪು ಇರುವುದು. ಹೋದೆ. ನನ್ನ ಪಾಪಕ್ಕೆ ಇಂಥ ವಾಸನೆಯೇ ತಕ್ಕದ್ದು ಎಂದುಕೊಂಡು, ಉಸಿರು ಬಿಗಿಹಿಡಿದು, ಬುಟ್ಟಿ ಎತ್ತಿದೆ.

ಕುಂಡದ ನಡುವೆ ಒಂದು ಹೂ ಕೂತಿತ್ತು. ಕೂತಿತ್ತು ಎಂದೇ ಹೇಳಬೇಕು, ಮಠದ ಗದ್ದುಗೆಯ ಮೇಲೆ ಕೂತ ಹಾಗೆ. ನನ್ನ ಎರಡೂ ಅಂಗೈ ಜೋಡಿಸಿದರೂ ಹಿಡಿಸದಷ್ಟು ಅಗಲ. ಕೆನ್ನೇರಳೆ ಬಣ್ಣದ ನೆರಿಗೆ ಕಾಲರಿನ ನಡುವೆ, ಬದನೆಕಾಯಿಯನ್ನು ಸುಟ್ಟು ಸುಕ್ಕುಗಟ್ಟಿಸಿ ಇಟ್ಟಂಥ ದೊಡ್ಡ ಗುಬ್ಬಟೆ. ಅಷ್ಟು ಕುರೂಪವಾದದ್ದನ್ನು ನಾನು ಕಂಡಿರಲಿಲ್ಲ, ಅಷ್ಟು ಚಂದದ್ದನ್ನೂ ಕಂಡಿರಲಿಲ್ಲ. ನಾತ ಅದರದೇ, ನೊಣಗಳನ್ನು ಕರೆಯಲು ಅದು ಹಚ್ಚಿಕೊಂಡ ಅತ್ತರು. “ಕಾಕು,” ಎಂದೆ, “ಎದ್ದದ.”

ಶಿವಲಿಂಗವ್ವ ಕಾಕು ಬಂದು ಸೆರಗಿನಿಂದ ಮೂಗು ಮುಚ್ಚಿದರು. ಆಮೇಲೆ ಸೆರಗು ತೆಗೆದು, ಬಗ್ಗಿ, ಪೂರಾ ಒಂದು ಉಸಿರು ಎಳೆದುಕೊಂಡರು. ಕಣ್ಣಲ್ಲಿ ನೀರು ಬಂತು; ಭಾವನೆಯಿಂದಲೋ ವಾಸನೆಯಿಂದಲೋ ಕೇಳುವ ಹೊತ್ತಲ್ಲ. “ಹೂ ಬಿಡತದ ಅಂದಿದ್ಲು ನಮ್ಮವ್ವ,” ಎಂದರು, “ನಾರತದ ಅಂದಿದ್ದಿಲ್ಲ.” ಬಾಗದಲ್ಲಿ ಹಬ್ಬವೇ ಆಯಿತು. ಮೂಗಿಗೆ ಟವೆಲ್ಲು ಕಟ್ಟಿಕೊಂಡು ಎಲ್ಲರೂ ಸರದಿಯಲ್ಲಿ ಫೋಟೋ ಹೊಡೆಸಿಕೊಂಡರು, ಅಂದರೆ ಫೋಟೋದಲ್ಲಿ ಹೂವಿನ ಗುರುತು ಮಾತ್ರ ಸಿಗುತ್ತದೆ. ಆಗ ಶೇಠ್ ದೊಡ್ಡದಾಗಿ ಹೇಳಿದರು. “ಈಗ ತಿಳೀತ ನೋಡ್ರಿ. ಮಾಸ್ತರ ಬೇಕಂತಽ ಫುಲ್ ಅಂದಿದ್ರು. ನೀರ ಬಿದ್ದದ್ದಕ್ಕಽ ಎಚ್ಚರಾಗ್ಯದ. ಏನ ವಿದ್ಯಾ ಅದ ಇವರ ಕಡೆ.”

ಎಲ್ಲರೂ ಮಾಸ್ತರರಿಗೆ ಚಪ್ಪಾಳೆ ತಟ್ಟಿದರು. ಮಾಸ್ತರು “ಇಲ್ಲಪಾ, ನನಗ ಅಂದದ್ದಽ ನೆನಪಿಲ್ಲ” ಎನ್ನುತ್ತಿದ್ದಾರೆ, ಇವರು ಇನ್ನೂ ಜೋರಾಗಿ ತಟ್ಟುತ್ತಿದ್ದಾರೆ.

ಓದುಗರೇ, ಮೂರು ವಾರ ಪಶ್ಚಾತ್ತಾಪ ನನ್ನ ಬಾಯಿ ಬಿಡಿಸಲಿಲ್ಲ. ಮಾಸ್ತರರ ನೋಟುಬುಕ್ಕು, ಸ್ವಾಮಿಗಳ ಪ್ರಸಾದ, ಕಾಕು ಹನಿ ಬಿಡದೆ ಬಸಿದ ಕೊಡ, ಯಾವುದೂ ಬಿಡಿಸಲಿಲ್ಲ. ಆ ಚಪ್ಪಾಳೆ ಬಿಡಿಸಿತು. ನನ್ನ ಚಪ್ಪಾಳೆ ಬೇರೆಯವರಿಗೆ ಹೋಗುತ್ತಿದೆ ಎನ್ನುವುದನ್ನು ತಡೆಯಲಾಗಲಿಲ್ಲ.

“ಅಂದದ್ದು ಅವರಲ್ಲ, ನಾನು” ಎಂದೆ.

ಚಪ್ಪಾಳೆ ನಿಂತಿತು. ಯಾರೂ ನಂಬಲಿಲ್ಲ. ಹಾಗಾಗಿ ಟಾಕಿಯ ಹಿಂದೆ ಹೋಗಿ ಅಂದಿನ ಹಾಜರಿಯನ್ನು ಮೊದಲಿನಿಂದ ಕೊನೆಯವರೆಗೆ ಕೂಗಿದೆ. ಅಭ್ಯಾಸಬಲದಿಂದ ಇಬ್ಬರು ‘ಹಾಂರಿ’ ಎಂದೂಬಿಟ್ಟರು. ಈಚೆ ಬಂದಾಗ ಎಲ್ಲರೂ ಮಾಸ್ತರರನ್ನು ನೋಡುತ್ತಿದ್ದರು. ಮಾಸ್ತರು ಗಾಳಿಯಲ್ಲಿ ಏನನ್ನೋ ಕೇಳುತ್ತ ನಿಂತಿದ್ದರು.

“ನನ್ನ ದನಿ ಹಂಗಽ ಅದ ಏನು?” ಎಂದು ಕೇಳಿದರು.

“ಅಗದಿ ಹಂಗಽ ಅದರಿ” ಎಂದರು ಕಾಕು.

“ಆ ಸೀಟಿ?”

“ಅದೂ.”

ಮಾಸ್ತರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು. “ಹುಚ್ಚಪ್ಯಾಲಿ, ಮೂರ ವಾರಾತೋ, ಮನಿ ಕೀಲಿ ಎಲ್ಲಿಟ್ಟೀನಂತ ಹತ್ತ ಸರ್ತಿ ನೋಡಾಕತ್ತೀನಿ. ಮಗಳ ಹೆಸರ ಬಾಯಿಪಾಠ ಮಾಡೀನಿ.” ನೋಟುಬುಕ್ಕನ್ನು ನನ್ನ ತಲೆಗೆ ಎಸೆದರು. ಗುರಿ ತಪ್ಪಲಿಲ್ಲ, ಶರೀರದಲ್ಲಿ ಡ್ರಿಲ್ ಮಾಸ್ತರು ಇನ್ನೂ ಇದ್ದಾರೆ. ಆ ಏಟಿನಷ್ಟು ಹಿತವಾದ ಏಟು ನಾನು ತಿಂದಿಲ್ಲ. ಇಷ್ಟಾದರೂ ನನ್ನ ಚಟ ಹೋಗಲಿಲ್ಲ. ಮೆಲ್ಲಗೆ ಕೇಳಿದೆ. “ಮತ್ತ ಹೂ ಬಂದದ್ದು ನನ್ನ ನೀರಿಗೇ ಅಲ್ರಿ?”

“ನಿನ್ನ ನೀರಿಗೆ?” ಎಂದರು ಮಾಸ್ತರು. “ಯುಗಾದಿ ಮರುದಿನಽ ನಾ ಮಣ್ಣ ಕೆದರಿ ನೋಡೀನಿ. ಗಡ್ಡಿ ಮ್ಯಾಲ ಮೊಳಕಿ ಕಣ್ಣ ಉಬ್ಬಿತ್ತು. ಬರೂದು ಬರತಿತ್ತು. ನಿನ್ನ ಎರಡು ಕೊಡಾ ತಾಳಿಕೊಂಡ ಬಂದದ, ಅದು ಅದರ ದೊಡ್ಡಸ್ತನ.”

ಹೀಗೆ ಅಪರಾಧ ಪೂರ್ತಿ ನನಗೆ, ಕೀರ್ತಿ ಪೂರ್ತಿ ಗಡ್ಡೆಗೆ. ಶಿಕ್ಷೆಯನ್ನು ಶಿವಲಿಂಗವ್ವ ಕಾಕು ಹೇಳಲಿ ಎಂದರು ಮಾಸ್ತರು. ಕಾಕು ಬಹಳ ಯೋಚಿಸಲಿಲ್ಲ. “ನಾ ಹೂ ನೋಡಿದ್ನಿ, ನನ್ನದು ಮುಗೀತು. ಇನ್ನ ಮಲ್ಲಿಗಿ ಸಾಲ ನೋಡ್ಕೋತೀನಿ, ಸ್ವಲ್ಪ ದಿನ ಛಲೋ ವಾಸನಿ ಬರಲಿ ಮೂಗಿಗೆ. ಸೂರಣ ಇವನ ಕೈಯಾಗ ಕೊಡ್ರಿ. ಗಾಳಿ ಹಾಕ್ಯಾನಂತಲ್ಲ, ಅವಗ ಕಾಳಜಿ ಅದ.” ಶೇಠ್ ಆ ಗುಟ್ಟನ್ನು ಎಲ್ಲರಿಗೂ ಹೇಳಿದ್ದರೆಂದು ಆಗ ತಿಳಿಯಿತು. ಬೇಸಿಗೆ ಮುಗಿಯುವ ಮೊದಲೇ ನನಗೆ ಸಾಲು ಸಿಕ್ಕಿತು, ಅದೂ ನಾರುತ್ತಿರುವಾಗಲೇ. ಖುಷಿಯಿಂದ ರಾತ್ರಿಯಿಡೀ ಮುಂದಿನ ದಿನದ ಹಾಜರಿಯನ್ನೇ ನೆನೆಸುತ್ತಿದ್ದೆ. ಉತ್ತರವನ್ನು ಯಾರ ದನಿಯಲ್ಲೂ ಕೊಡಬಾರದು, ನನ್ನದರಲ್ಲೇ ಕೊಡಬೇಕು ಎಂದು ಆಣೆ ಇಟ್ಟುಕೊಂಡೆ.

ಸೋಮವಾರ ಮಾಸ್ತರು ಕಟ್ಟೆ ಏರಿದರು, ನೋಟುಬುಕ್ಕಿಲ್ಲದೆ. ಹೆಸರುಗಳನ್ನು ಎಂದಿನಂತೆ ಎಳೆದು ಕತ್ತರಿಸಿದರು. ಕಕ್ಕಿ, ಪತ್ರಿ, ಕಳ್ಳಿ, ಹೊಸದಾಗಿ ಮಲ್ಲಿಗಿ. ಕೊನೆಗೆ ಆ ಸೀಟಿ ಬಂತು. “ಸೂರಣ, ಬಂದ್.”

“ಹಾಂರಿ” ಎಂದೆ, ನನ್ನ ಸ್ವಂತ ದನಿಯಲ್ಲಿ, ಜೀವಮಾನದಲ್ಲಿ ಮೊದಲ ಸಲ ನಾಲ್ಕು ಜನರ ಮುಂದೆ.

ಎಲ್ಲರೂ ತಿರುಗಿ ನೋಡಿದರು. ಶೇಠ್ ಪಕ್ಕದವರ ಮುಖ ನೋಡಿದರು. ಶಿವಲಿಂಗವ್ವ ಕಾಕು ಕೊಡ ಕೆಳಗಿಟ್ಟು, ಸ್ವಲ್ಪ ಯೋಚಿಸಿ, ತಲೆಯಾಡಿಸಿದರು.

“ಭಾಳ ಛಲೋ ತಗದೀ ಬಿಡು. ಆದರ ಯಾರದಂತ ತಿಳೀವಲ್ದು.”